ಸಾರಥಿಯಿಲ್ಲದ ರಥ

ನಿವೃತ್ತನಾದ ಮೇಲೆ ನಾನು ಕೈಗೊಂಡ ಉದ್ಯೋಗ ಕರಡಚ್ಚು ತಿದ್ದುವುದು. ಈಗ ಕರಡು ಕಾಗದದ ಮೇಲೆ ಬರುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆಯೇ ಓದಿ, ತಿದ್ದಿ, ಕಳಿಸಬೇಕು. ಕಳೆದ ಮಳೆಗಾಲದಲ್ಲಿ ಗೆಳೆಯರೊಬ್ಬರ ಕಥಾಸಂಕಲನದ 200 ಪುಟಗಳಲ್ಲಿ 60 ಉಳಿದಿದ್ದವು. ಎಂಬತ್ತೆರಡರ ಆ ಹಿರಿಯರಿಗೆ ಅದು ಮೊದಲ ಪುಸ್ತಕ. ಸೋಮವಾರ ಅಚ್ಚಿಗೆ ಹೋಗಬೇಕು. ಗುರುವಾರ ನನ್ನ ಹಳೆಯ ಯಂತ್ರ ಪ್ರಾಣ ಬಿಟ್ಟಿತು.

ಮರುದಿನವೇ ಹೊಸದನ್ನು ತಂದೆ. ಅಂಗಡಿಯ ಹುಡುಗ ಬಿಡಿಭಾಗಗಳನ್ನು ಜೋಡಿಸಿ, ವಿಂಡೋಸ್ ಹಾಕಿ, "ಎಲ್ಲ ಆಯ್ತು ಸಾರ್" ಎಂದಿದ್ದ. ಮನೆಯಲ್ಲಿ ತೆರೆದು ನೋಡುತ್ತೇನೆ, ಅಕ್ಷರಗಳೆಲ್ಲ ಅಡ್ಡಡ್ಡ ಉಬ್ಬಿ ಮಸುಕಾಗಿವೆ. ನಮ್ಮ ಮೇಷ್ಟರು ಹೊಟ್ಟೆ ಸೀಳು ಎನ್ನುತ್ತಿದ್ದ ಮಹಾಪ್ರಾಣದ ಆ ಪುಟ್ಟ ಗೀಟೇ ಕಾಣದು, ದಕಾರವಾವುದು, ಧಕಾರವಾವುದು? ಸದ್ದಿಲ್ಲ, ಅಂತರ್ಜಾಲವೂ ಇಲ್ಲ. ಆದರೂ ಹಟಕ್ಕೆ ಬಿದ್ದು ಪೆನ್‌ಡ್ರೈವಿನಲ್ಲಿ ಉಳಿದಿದ್ದ ಕಡತ ತೆರೆದು, ಹನ್ನೆರಡು ಪುಟ ಓದಿ, ಸರಿ ಎಂದು ಗುರುತು ಹಾಕಿದೆ.

ಡ್ರೈವರ್ ಎಂದರೆ ನಮಗೆ ನೆನಪಾಗುವವನು ಬಸ್ಸಿನವನು. ಕಂಪ್ಯೂಟರಿನಲ್ಲಿ ಅದೊಂದು ತಂತ್ರಾಂಶ. ವಿಂಡೋಸಿನ ಅಪ್ಪಣೆಯನ್ನು ಆಯಾ ಚಿಪ್ಪಿಗೆ ಅದರದೇ ಭಾಷೆಯಲ್ಲಿ ಮುಟ್ಟಿಸುವ ದುಭಾಷಿ. ಅದಿಲ್ಲದಾಗ ವಿಂಡೋಸ್ ಎಲ್ಲ ಚಿಪ್ಪುಗಳಿಗೂ ತಿಳಿಯುವ ನಾಲ್ಕು ಮಾತಿನಲ್ಲಿ ಸಂಸಾರ ತೂಗಿಸುತ್ತದೆ. 1920ಕ್ಕೆ 1080 ಚುಕ್ಕೆಗಳ ನನ್ನ ಪರದೆ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಹೆಸರಿನಲ್ಲಿ 1024ಕ್ಕೆ 768ರ ಗಂಜಿ ಕುಡಿದು ಬದುಕಿತ್ತು.

ನೆರೆಮನೆಯ ಲ್ಯಾಪ್‌ಟಾಪಿನಲ್ಲಿ ಹುಡುಕಿದಾಗ, ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಹಾಕಿಕೊಡುವೆನೆಂಬ ಪುಕ್ಕಟೆ ತಂತ್ರಾಂಶವೊಂದು ಸಿಕ್ಕಿತು. ಆಸೆ ಯಾರನ್ನು ಬಿಟ್ಟಿದೆ? ಅದು ಹೊಕ್ಕ ಮೇಲೆ ಪರದೆ ತುಂಬ ಜಾಹೀರಾತು, ಹಣ ಕೊಡೆಂಬ ಕಾಟ, ಐದು ನಿಮಿಷಕ್ಕೊಮ್ಮೆ ನೀಲಿ ಪರದೆ. ಶನಿವಾರವಿಡೀ ಅದಕ್ಕೇ ಬಲಿ. ಸಂಜೆ ಅಂಗಡಿಯ ಹುಡುಗನ ಗೊಣಗಾಟ ಕೇಳಿಕೊಂಡು ವಿಂಡೋಸನ್ನು ಮತ್ತೆ ಮೊದಲಿನಿಂದ ಹಾಕಿಸಿದೆ.

ಭಾನುವಾರ ಬೆಳಿಗ್ಗೆ ತಂಗಿಯ ಮಗಳಿಗೆ ಫೋನು ಮಾಡಿದೆ. "ಮಾವ, ಮೊದಲು ನೆಟ್ ಬರಲಿ. ಉಳಿದದ್ದು ತಾನಾಗಿ ಬರುತ್ತೆ" ಎಂದಳು. ನನ್ನ ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ಕೇಬಲಿನಿಂದ ಕಂಪ್ಯೂಟರಿಗೆ ಸೇರಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಿಸಿದಳು. ಈ ಸಂಪರ್ಕಕ್ಕೆ ಬೇಕಾದ ಡ್ರೈವರು ವಿಂಡೋಸಿನ ಮನೆಯಲ್ಲೇ ಇರುತ್ತದಂತೆ. ಕೇಳುಗರಲ್ಲಿ ಯಾರಿಗಾದರೂ ಈ ಉಪಾಯ ಒದಗದಿದ್ದರೆ, ಬೇರೆ ಕಂಪ್ಯೂಟರಿನಿಂದ ನೆಟ್‌ವರ್ಕ್ ಡ್ರೈವರೊಂದನ್ನೇ ಪೆನ್‌ಡ್ರೈವಿಗೆ ಇಳಿಸಿ ತಂದರೂ ಸಾಕು.

ಆಮೇಲೆ 'ವಿಂಡೋಸ್ ಅಪ್‌ಡೇಟ್' ತೆರೆದು ಕಾಫಿ ಕುಡಿಯುತ್ತ ಕುಳಿತೆ. ಸದ್ದು ಬಂತು. ಪರದೆ ಒಮ್ಮೆ ಕಪ್ಪಾಗಿ, ಮರುಕ್ಷಣ ಕನ್ನಡಕ ಒರೆಸಿ ಹಾಕಿಕೊಂಡಂತೆ ತಿಳಿಯಾಯಿತು. ಯಂತ್ರವನ್ನು ಆರಿಸಿ ಹಚ್ಚಿ 'ಡಿವೈಸ್ ಮ್ಯಾನೇಜರ್' ನೋಡಿದರೆ ಹಳದಿ ಗುರುತಿನ ಅನಾಮಧೇಯನೊಬ್ಬ ಉಳಿದಿದ್ದ. ಅವನ 'ಪ್ರಾಪರ್ಟೀಸ್' ತೆರೆದು 'ಹಾರ್ಡ್‌ವೇರ್ ಐಡಿ' ಓದಿ ಹೇಳಿದೆ. ಅದರಲ್ಲಿ 8086 ಎಂದಿತ್ತು. ಇಂಟೆಲ್ ಕಂಪನಿಯ ಕುಲಚಿಹ್ನೆಯಂತೆ ಅದು. 1978ರಲ್ಲಿ ಅವರು ಹೊರತಂದ ಚಿಪ್ಪಿನ ಹೆಸರೂ ಅದೇ. ಮದರ್‌ಬೋರ್ಡಿನ ಡಬ್ಬಿಯ ಮೇಲಿದ್ದ ಮಾದರಿಯ ಹೆಸರನ್ನು ತಯಾರಕರ ತಾಣದಲ್ಲಿ ಹುಡುಕಿ ಚಿಪ್‌ಸೆಟ್ ಡ್ರೈವರು ಹಾಕಿದಾಗ ಹಳದಿ ಗುರುತೂ ಹೋಯಿತು. ಒಟ್ಟು ಒಂದೂವರೆ ಗಂಟೆ. ಕೊನೆಗೆ ಅವಳು 'ಪಿಎನ್‌ಪಿ‌ಯುಟಿಲ್' ಎಂಬ ಆಜ್ಞೆಯಿಂದ, ಹೊರಗಿನಿಂದ ಬಂದ ಡ್ರೈವರುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಸಿದಳು. ಮುಂದೆ ವಿಂಡೋಸ್ ಕೆಟ್ಟರೆ ನೆಟ್ಟಿಗಾಗಿ ಕಾಯಬೇಕಾಗಿಲ್ಲ. ಚೆನ್ನಾಗಿ ನಡೆಯುತ್ತಿರುವ ಡ್ರೈವರನ್ನು, ಹೊಸದು ಬಂದಿದೆಯೆಂದು ಬದಲಿಸುವ ಚಪಲ ಮಾತ್ರ ನನಗೆ ಅಂದಿನಿಂದ ಇಲ್ಲ.

ಮಧ್ಯಾಹ್ನ ಕರಡಿಗೆ ಕುಳಿತವನು, ಅನುಮಾನಕ್ಕೆಂದು ಶುಕ್ರವಾರದ ಹನ್ನೆರಡು ಪುಟಗಳನ್ನೂ ಮತ್ತೆ ತೆರೆದೆ. ಕಥೆಯೊಂದರ ಹೆಸರಿನಲ್ಲಿಯೇ 'ವಿಧಿ' ಎಂಬುದು 'ವಿದಿ' ಆಗಿ ಕುಳಿತಿತ್ತು. ಪಕ್ಕದಲ್ಲಿ ನಾನೇ ಹಾಕಿದ್ದ ಸರಿ ಗುರುತು. ಅದನ್ನು ತಿದ್ದಿ, ಉಳಿದದ್ದನ್ನು ಮುಗಿಸಿ, ಮುದ್ರಣಾಲಯಕ್ಕೆ ಕಳಿಸುವಾಗ ರಾತ್ರಿ ಹನ್ನೊಂದು ದಾಟಿತ್ತು.