ಮಕ್ಕಳನ್ನು ಒಮ್ಮೆ ಬೆಳಗಾವಿಗೆ ಕರೆದುಕೊಂಡು ಹೋಗಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೈನ್ಯದಲ್ಲಿದ್ದು ಬಂದವನು ಎಂಬ ಕಾರಣಕ್ಕೆ ಸಮಿತಿಯವರು ನನಗೆ ಮಾತಾಡಲು ಹೇಳಿದ್ದಾರೆ. ದೇಶಭಕ್ತಿಯ ಬಗ್ಗೆ ಒಂದು ಭಾಷಣ ಮಾಡಿ ಕೂರುವುದು ಸುಲಭ. ಅದರ ಬದಲು ಮೇಷ್ಟ್ರುಗಳ ಮುಂದೆ ಒಂದು ಬೇಡಿಕೆ ಇಡುತ್ತೇನೆ. ನಮ್ಮ ಶಾಲಾ ಪ್ರವಾಸ ಬೇಲೂರು, ಹಳೇಬೀಡು, ಜೋಗ ಎಂದು ಸುತ್ತಿ ಬರುತ್ತದೆ. ಅವೆಲ್ಲ ನೋಡಲೇಬೇಕಾದ ಜಾಗಗಳೇ. ಆದರೆ ಒಂದು ವರ್ಷ ಒಂಬತ್ತು, ಹತ್ತನೇ ತರಗತಿ ಮಕ್ಕಳನ್ನು ಬೆಳಗಾವಿಗೆ ಕರೆದುಕೊಂಡು ಹೋಗಿ. ಯಾಕೆ, ಅಲ್ಲಿ ಏನು ನೋಡಬೇಕು ಎಂಬುದನ್ನು ಹೇಳಿ ಮುಗಿಸುತ್ತೇನೆ.

ಸೈನ್ಯಕ್ಕೂ ನಮ್ಮ ಸೀಮೆಗೂ ಏನು ಸಂಬಂಧ ಎನ್ನಬೇಡಿ. ಮೈಸೂರು ಅರಸರ ಕಾಲದಲ್ಲಿ, ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು, ಫಿರಂಗಿ ಎಳೆದದ್ದು ಅಮೃತಮಹಲ್ ಎತ್ತುಗಳು. ಆ ದನಗಳಿಗೆಂದೇ ನಮ್ಮ ಕಡೆ ಕಾವಲುಗಳನ್ನು ಬಿಟ್ಟಿದ್ದರು. ಪಕ್ಕದ ಕುಣಿಗಲ್ಲಿನಲ್ಲಿ ಟಿಪ್ಪು ಕಾಲದಿಂದ ದಂಡಿನ ಕುದುರೆಗಳನ್ನು ಸಾಕಿದರು. ಈಗ ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲೇ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಎತ್ತು, ಕುದುರೆ, ಹೆಲಿಕಾಪ್ಟರ್ ಮೂರನ್ನೂ ಕೊಟ್ಟ ಸೀಮೆ ನಮ್ಮದು. ಆದರೆ ಅವು ಹೋಗಿ ಸೇರುವ ಸೈನ್ಯ ಹೇಗಿರುತ್ತದೆ ಎಂಬುದನ್ನು ನಮ್ಮ ಮಕ್ಕಳು ನೋಡುವುದು ಮೊಬೈಲಿನಲ್ಲಿ ಮಾತ್ರ.

ಬೆಳಗಾವಿಗೆ ಹೋಗುವುದು ಕಷ್ಟವೇನಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ರಾತ್ರಿ ನಮ್ಮ ಊರಿನ ಹಳಿಯ ಮೇಲೇ ಹೋಗುತ್ತದೆ. ತುಮಕೂರಿನಲ್ಲೋ ಅರಸೀಕೆರೆಯಲ್ಲೋ ಹತ್ತಿ ಮಲಗಿದರೆ ಬೆಳಿಗ್ಗೆ ಬೆಳಗಾವಿ. ಆದರೆ ಮಕ್ಕಳಿದ್ದರೆ ಬಸ್ಸೇ ಒಳ್ಳೆಯದು. ತುಮಕೂರಿನಿಂದ ಹೆದ್ದಾರಿ 48 ಹಿಡಿದರೆ ಶಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ ದಾಟಿ ನೇರ ದಾರಿ. ಬಸ್ಸಿನಲ್ಲಿ ಹೋದರೆ ಇನ್ನೊಂದು ಲಾಭ ಇದೆ. ಬೆಳಗಾವಿಗೆ ಮೊದಲು ಕಿತ್ತೂರು ಸಿಗುತ್ತದೆ.

ಕಿತ್ತೂರಿನಲ್ಲಿ ಇಳಿಯಲೇಬೇಕು. ಪಾಳುಬಿದ್ದ ವಾಡೆಯ ಗೋಡೆಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಹೇಳಬೇಕು: 1824ರ ಅಕ್ಟೋಬರ್ 23ರಂದು ಇಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಕಂಪನಿ ಸರ್ಕಾರದ ದಂಡನ್ನು ಸೋಲಿಸಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆದರೆ ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡಿನೊಂದಿಗೆ ಮತ್ತೆ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಗೆದ್ದ ದಿನವನ್ನು ಹೇಳುವವರು ಸೋತ ದಿನವನ್ನೂ ಹೇಳಬೇಕು. ಯುದ್ಧ ಎಂದರೆ ಅವೆರಡೂ ಸೇರಿದ್ದು.

ಬೆಳಗಾವಿಯಲ್ಲಿ ಮೊದಲು ಕೋಟೆ. ರಟ್ಟರ ಕಾಲದ ಕೋಟೆ ಇದು. ಸುತ್ತ ಕಂದಕ, ಒಳಗೆ ಒಂದು ಊರೇ ಇದೆ. ಅಲ್ಲಿರುವ ಕಮಲ ಬಸದಿಯನ್ನು 1204ರಲ್ಲಿ ರಟ್ಟ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಒಳಗೆ ನೇಮಿನಾಥ ತೀರ್ಥಂಕರರು. ತಲೆ ಎತ್ತಿ ನೋಡಿದರೆ ಛಾವಣಿಯಿಂದ ಕೆಳಗೆ ಇಳಿಬಿಟ್ಟ ಹಾಗೆ ಕಲ್ಲಿನ ಕಮಲ. ಅದೇ ಕೋಟೆಯೊಳಗೆ ಸಫಾ ಮಸೀದಿ ಇದೆ, ಬಾಗಿಲ ಹತ್ತಿರ ದುರ್ಗಾದೇವಿ ಇದ್ದಾಳೆ, ರಾಮಕೃಷ್ಣ ಆಶ್ರಮ ಇದೆ. ಸ್ವಾಮಿ ವಿವೇಕಾನಂದರು ಅಮೆರಿಕಕ್ಕೆ ಹೋಗುವ ಮುಂಚೆ, 1892ರ ಅಕ್ಟೋಬರಿನಲ್ಲಿ ಈ ಊರಿಗೆ ಬಂದಿದ್ದರು. ಇಷ್ಟೆಲ್ಲದರ ಜೊತೆಗೆ ಸೈನ್ಯದ ಜಾಗವೂ ಅಲ್ಲಿದೆ. ಕೋಟೆ ಎಂದರೆ ಬರೀ ಕತ್ತಿ, ಗುರಾಣಿ ಅಲ್ಲ. ಅದರೊಳಗೆ ಬದುಕಿದ ಜನ ಎಂಬುದು ಮಕ್ಕಳಿಗೆ ಹೇಳದೆಯೇ ಗೊತ್ತಾಗುತ್ತದೆ.

ಕೋಟೆ ಆದಮೇಲೆ ಕ್ಯಾಂಪು. 1818ರಲ್ಲಿ ಬ್ರಿಟಿಷರು ಕೋಟೆ ಹಿಡಿದ ಮೇಲೆ ಬೆಳೆದ ದಂಡುಪ್ರದೇಶವನ್ನು ಅಲ್ಲಿನ ಜನ ಇವತ್ತಿಗೂ ಕ್ಯಾಂಪ್ ಎನ್ನುತ್ತಾರೆ. ಅಗಲವಾದ ರಸ್ತೆ, ದೊಡ್ಡ ಮರಗಳು, ಹಳೆಯ ಬಂಗಲೆಗಳು, ಸೇಂಟ್ ಮೇರಿ ಚರ್ಚು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವುದು ಇಲ್ಲೇ. ಈ ರೆಜಿಮೆಂಟಿನ ಮೂಲ 1768ಕ್ಕೆ ಹೋಗುತ್ತದೆ. ಸೈನ್ಯದ ಕಮಾಂಡೋ ತರಬೇತಿಯೂ ಬೆಳಗಾವಿಯಲ್ಲೇ, ವಾಯುಪಡೆಯ ಏರ್‌ಮನ್‌ಗಳ ತರಬೇತಿ ಊರ ಹೊರಗೆ ಸಾಂಬ್ರಾದಲ್ಲಿ. ಬೆಳಗಿನ ಜಾವ ಎದ್ದು ಕ್ಯಾಂಪಿನ ರಸ್ತೆಗೆ ಬಂದರೆ ಸಾಲಾಗಿ ಓಡುವ ಹುಡುಗರು ಕಾಣುತ್ತಾರೆ. ಅವರಲ್ಲಿ ಬಹಳ ಜನ ನಮ್ಮ ಹತ್ತನೇ ತರಗತಿ ಮಕ್ಕಳಿಗಿಂತ ಮೂರು ನಾಲ್ಕು ವರ್ಷ ಮಾತ್ರ ದೊಡ್ಡವರು. ಇದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಎರಡು ಎಚ್ಚರಿಕೆ. ಸೈನ್ಯದ ಆವರಣಕ್ಕೆ ಹಾಗೇ ನುಗ್ಗುವ ಹಾಗಿಲ್ಲ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಮೊದಲೇ ಪತ್ರ ಬರೆದು ಅನುಮತಿ ಕೇಳಬೇಕು. ಗೇಟು, ಕಾವಲಿನವರು, ಕಟ್ಟಡಗಳ ಫೋಟೊ ತೆಗೆಯಬಾರದು. ಅನುಮತಿ ಸಿಗದಿದ್ದರೂ ಬೇಜಾರಿಲ್ಲ, ಮಿಲಿಟರಿ ಮಹಾದೇವ ದೇವಸ್ಥಾನಕ್ಕೆ ಹೋಗಿ. ಸೈನ್ಯದವರು ಒಪ್ಪವಾಗಿ ಇಟ್ಟುಕೊಂಡಿರುವ ಜಾಗ, ಊರಿನ ಜನಕ್ಕೂ ಅದೇ ದೇವರು. ಸಂಜೆ ಸುಮ್ಮನೆ ಕೂತರೂ ಸೈನಿಕರ ಸಂಸಾರಗಳು ಬಂದು ಹೋಗುವುದು ಕಾಣುತ್ತದೆ. ಸಿಪಾಯಿಗೂ ಹೆಂಡತಿ ಮಕ್ಕಳಿದ್ದಾರೆ, ಅವರಿಗೂ ಶಾಲೆ, ಜ್ವರ, ಸಂತೆ ಎಲ್ಲ ಇದೆ ಎಂಬುದು ಪಥಸಂಚಲನ ನೋಡಿದರೆ ಗೊತ್ತಾಗುವುದಿಲ್ಲ.

ಅಲ್ಲಿ ನಿಂತು ಮಕ್ಕಳಿಗೆ ಇಬ್ಬರ ಹೆಸರು ಹೇಳಿ. ಮರಾಠಾ ದಳದ ಯಶವಂತ ಘಾಡ್ಗೆ, ನಾಮದೇವ ಜಾಧವ್. ಎರಡನೇ ಮಹಾಯುದ್ಧದಲ್ಲಿ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು, ಇಬ್ಬರೂ ಹೋರಾಡಿದ್ದು ಇಟಲಿಯಲ್ಲಿ. ಘಾಡ್ಗೆ 1944ರ ಜುಲೈನಲ್ಲಿ ಶತ್ರುಗಳ ಮೆಷಿನ್‌ಗನ್ ಠಾಣೆಯನ್ನು ಒಬ್ಬನೇ ಹಿಡಿದು ಅಲ್ಲೇ ಪ್ರಾಣ ಬಿಟ್ಟರು. ಜಾಧವ್ 1945ರ ಏಪ್ರಿಲ್‌ನಲ್ಲಿ ಗುಂಡಿನ ಮಳೆಯಲ್ಲಿ ಗಾಯಗೊಂಡ ಜೊತೆಗಾರರನ್ನು ಹೊತ್ತು ಹೊಳೆ ದಾಟಿಸಿದರು, ಬದುಕಿ ಊರಿಗೆ ಮರಳಿದರು. ಹಳ್ಳಿಯ ಹುಡುಗ ಇಟಲಿಯಲ್ಲಿ ಯಾರಿಗಾಗಿ ಹೋರಾಡಿದ ಎಂದು ಮಕ್ಕಳು ಕೇಳಲಿ. ಕೇಳಬೇಕಾದ ಪ್ರಶ್ನೆಯೇ ಅದು.

ಆ ಪ್ರಶ್ನೆ ಹಿಡಿದುಕೊಂಡೇ ಟಿಳಕವಾಡಿಯ ಕಡೆ ಹೋಗಿ. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಜಾಗ ಅಲ್ಲಿದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ಏರ್ಪಾಡು ಮಾಡಿದರು. ಅಲ್ಲಿ ಸೇರುವ ಜನರ ನೀರಿಗಾಗಿ ತೋಡಿಸಿದ ಕಾಂಗ್ರೆಸ್ ಬಾವಿ ಈಗಲೂ ಇದೆ. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊದಲು ಕೇಳಿದ್ದು ಅಲ್ಲಿಯೇ. ಒಂದು ಕಡೆ ಬ್ರಿಟಿಷರ ದಂಡು, ಇನ್ನೊಂದು ಕಡೆ ಚರಕ ಹಿಡಿದ ಮನುಷ್ಯ, ಎರಡೂ ಒಂದೇ ಊರಿನಲ್ಲಿ. ಬೆಳಗಾವಿ ಪಾಠ ಹೇಳುವ ಊರು ಎನ್ನುವುದು ಇದಕ್ಕೇ.

ಸಮಯ ಇದ್ದರೆ ಖಾನಾಪುರದ ಕಡೆ ನಂದಗಡಕ್ಕೆ ಹೋಗಿ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೆ ಹಾಕಿದ್ದು ಅಲ್ಲಿ. ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ, ಕಂಪನಿಯ ದಂಡಿನಲ್ಲಿದ್ದ ಸಿಪಾಯಿಗಳೂ ನಮ್ಮ ದೇಶದವರೇ. ಅದೇ ಜನವರಿ 26 ಮುಂದೆ ಗಣರಾಜ್ಯದ ದಿನವಾಯಿತು. ಸೈನಿಕ ಯಾರ ಮಾತು ಕೇಳುತ್ತಾನೆ ಎಂಬುದು ಬಹಳ ದೊಡ್ಡ ವಿಷಯ. ಆಗ ಕಂಪನಿ, ಆಮೇಲೆ ಚಕ್ರವರ್ತಿ, ಈಗ ನಮ್ಮ ಸಂವಿಧಾನ.

ಬರೀ ಪಾಠವಾದರೆ ಮಕ್ಕಳು ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಾರೆ, ಗೊತ್ತು. ಅದಕ್ಕೆ ಖಡೇ ಬಜಾರಿನಲ್ಲಿ ಒಂದು ಸಂಜೆ ಬಿಡಿ. ಬೆಳಗಾವಿ ಕುಂದಾ ತಿನ್ನಲಿ, ಮನೆಗೆ ಗೋಕಾಕದ ಕರದಂಟು ಕಟ್ಟಿಸಿಕೊಳ್ಳಲಿ. ಒಂದೇ ಅಂಗಡಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಕಿವಿಗೆ ಬೀಳುತ್ತವೆ. ಮಳೆಗಾಲ ಕಳೆದ ಹೊಸದರಲ್ಲಿ ಹೋದರೆ ಗೋಕಾಕ ಜಲಪಾತದಲ್ಲಿ ನೀರು ತುಂಬಿರುತ್ತದೆ. ಘಟಪ್ರಭಾ ಸುಮಾರು 170 ಅಡಿ ಧುಮುಕುತ್ತದೆ. ಹಲಗಾದ ಹತ್ತಿರ ಸುವರ್ಣ ವಿಧಾನಸೌಧವನ್ನು ಹೊರಗಿನಿಂದಾದರೂ ತೋರಿಸಿ.

ಈಗ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ರಜೆಯಲ್ಲಿ ಹುಡುಗರು ಬಂದು, "ಅಣ್ಣಾ, ಮಿಲಿಟರಿಗೆ ಸೇರಬೇಕು, ಏನು ಮಾಡಬೇಕು?" ಎಂದು ಕೇಳುತ್ತಾರೆ. ಸಂತೋಷ. ಆದರೆ ಬಹಳ ಹುಡುಗರಿಗೆ ಗೊತ್ತಿರುವುದು ಸಮವಸ್ತ್ರ ಮಾತ್ರ, ಷರತ್ತು ಗೊತ್ತಿಲ್ಲ. 2022ರಿಂದ ಸಿಪಾಯಿಗಳ ನೇಮಕ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತಿದೆ. ಹದಿನೇಳೂವರೆ ವರ್ಷ ತುಂಬಿರಬೇಕು, ಸೇವೆ 4 ವರ್ಷ. ಆಮೇಲೆ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಉಳಿಸಿಕೊಳ್ಳುತ್ತಾರೆ ಎಂಬುದು ಯೋಜನೆಯ ನಿಯಮ. ಉಳಿದವರು ಸುಮಾರು 11.71 ಲಕ್ಷ ಸೇವಾನಿಧಿ ಹಿಡಿದು ಮನೆಗೆ ಬರುತ್ತಾರೆ, ಪಿಂಚಣಿ ಇಲ್ಲ. ಇದನ್ನು ತಿಳಿದು ಹೋಗುವುದು ಬೇರೆ, ತಿಳಿಯದೆ ಹೋಗುವುದು ಬೇರೆ. ಹೋಗುವ ಮುಂಚೆಯೇ ಪಿಯುಸಿಯೋ ಐಟಿಐಯೋ ಒಂದು ಕೈಯಲ್ಲಿರಲಿ. ಬಂದಮೇಲೆ ಏನು ಎಂಬ ಮಾತು ಮನೆಯಲ್ಲಿ ಮೊದಲೇ ಆಗಲಿ. ಚಿಕ್ಕ ಮಕ್ಕಳ ತಂದೆ ತಾಯಿ ಗಮನಿಸಿ: ದೇಶದ 5 ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲಿ ಬೆಳಗಾವಿಯದೊಂದು, ಬೆಂಗಳೂರಿನದೊಂದು. ಆರನೇ ತರಗತಿಗೆ, ಒಂಬತ್ತಕ್ಕೆ ಪ್ರವೇಶ ಪರೀಕ್ಷೆ ನಡೆಯುತ್ತದೆ. ಹೆಣ್ಣುಮಕ್ಕಳೇ, ಇದು ಅಣ್ಣಂದಿರ ಮಾತು ಎಂದು ಬಿಡಬೇಡಿ. ಸೈನ್ಯದ ಮಿಲಿಟರಿ ಪೊಲೀಸ್ ದಳದ ಮೊದಲ ಮಹಿಳಾ ಸಿಪಾಯಿಗಳು 2021ರಲ್ಲಿ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಿಂದಲೇ.

ಪ್ರವಾಸಕ್ಕೆ ಒಬ್ಬಿಬ್ಬರು ತಂದೆ ತಾಯಿಯರೂ ಬರಲಿ. ಮಗ ಸೇರುತ್ತೇನೆ ಎಂದಾಗ ಹೂಂ ಎನ್ನುವವರೂ ಬೇಡ ಎನ್ನುವವರೂ ಅವರೇ ತಾನೇ? ಕೊನೆಯದಾಗಿ, ಈ ಐವತ್ತು ವರ್ಷದಲ್ಲಿ ನಮ್ಮ ಶಾಲೆಯಿಂದ ಸೈನ್ಯಕ್ಕೆ ಹೋದವರ ಹೆಸರನ್ನು ಹಾಜರಿ ಪುಸ್ತಕಗಳಿಂದ ತೆಗೆದು ಒಂದು ಫಲಕ ಬರೆಸೋಣ. ಅಧಿಕಾರಿ, ಅಡುಗೆಯವರು, ಡ್ರೈವರ್ ಎಂಬ ಭೇದ ಬೇಡ, ಸೇರಿದ ವರ್ಷದ ಕ್ರಮದಲ್ಲಿ ಹೆಸರು ಇರಲಿ. ಮೊದಲ ಪ್ರವಾಸದ ಬಸ್ಸಿನ ಖರ್ಚಿನಲ್ಲಿ ಒಂದು ಪಾಲನ್ನು ನಾವು ಮಾಜಿ ಸೈನಿಕರು ಹೊರುತ್ತೇವೆ. ದಿನಾಂಕ ಗೊತ್ತು ಮಾಡುವುದು ಮಾತ್ರ ಮೇಷ್ಟ್ರುಗಳ ಕೆಲಸ.

 ಜೈ ಹಿಂದ್, ಜೈ ಕರ್ನಾಟಕ.