ಮಂಗಳೂರಿಗೆ ಹೋದಾಗ
(ಸಂಘದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)

ಮುಂದಿನ ಸಾಲಿನಲ್ಲಿ ಕುಳಿತು ಮಿಠಾಯಿಯ ಪೊಟ್ಟಣಕ್ಕಾಗಿ ಕಾಯುತ್ತಿರುವ ಮಕ್ಕಳೇ,

ಮಾತು ಉದ್ದವಾಗಬಾರದೆಂಬುದು ಕಾರ್ಯದರ್ಶಿಗಳ ಅಪ್ಪಣೆ. ಮಿಠಾಯಿಯ ಆಸೆಯುಳ್ಳವರ ಪ್ರಾರ್ಥನೆಯೂ ಅದೇ ಇರಬೇಕು. ಆದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ರಜೆ ಹತ್ತಿರವಾದಾಗ ನಮ್ಮ ಸಂಘದ ಸಂಸಾರವಂದಿಗರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: “ಈ ಸಲ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವಿರಿ?” ನಮ್ಮ ಸಲಹೆ ಕೇಳುವುದಾದರೆ, ಮಂಗಳೂರಿಗೆ. ನಮ್ಮಲ್ಲಿ ಹೆಚ್ಚಿನವರ ಬೇರು ಬೀದರ, ಕಲಬುರಗಿ, ರಾಯಚೂರುಗಳ ಕಡೆಯದು. ಕರಾವಳಿ ನಮಗೆ ದೂರದ ನೆಂಟ. ಆದರೆ ನೆಂಟಸ್ತಿಕೆ ಸುಳ್ಳಲ್ಲ. ೧೯೫೬ರ ನವೆಂಬರ್ ೧ರಂದು ನಮ್ಮ ಆ ಮೂರು ಜಿಲ್ಲೆಗಳು ಹೈದರಾಬಾದು ರಾಜ್ಯವನ್ನು ಬಿಟ್ಟು ಹೋದಂತೆಯೇ, ದಕ್ಷಿಣ ಕನ್ನಡವು ಮದರಾಸನ್ನು ಬಿಟ್ಟು ಬಂದಿತು. ಒಂದೇ ದಿನ ಒಂದೇ ಚಾವಡಿಗೆ ಬಂದ ಅಣ್ಣತಮ್ಮಂದಿರು ನಾವು. ಒಮ್ಮೆಯಾದರೂ ಅವರ ಮನೆಯನ್ನು ನೋಡಿ ಬರಬೇಡವೆ?

ಕಾಚಿಗುಡದಿಂದಲೇ ಆ ಕಡೆಗೆ ರೈಲು ಉಂಟು. ಅದು ತೆಲುಗು ನಾಡನ್ನು ದಾಟಿ, ತಮಿಳು ನಾಡಿನಲ್ಲಿ ನುಸುಳಿ, ಕೇರಳವನ್ನು ಸುತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಕನ್ನಡದ ನೆಲವನ್ನು ಮುಟ್ಟುತ್ತದೆ. ಕಾಸರಗೋಡು ದಾಟುವಾಗ ಮಕ್ಕಳನ್ನು ಎಬ್ಬಿಸಿ ಕಿಟಕಿಯ ಬಳಿ ಕೂರಿಸಿರಿ. ಅದು ಕೇರಳಕ್ಕೆ ಸೇರಿದರೂ ಅಲ್ಲಿ ಕನ್ನಡದ ಮನೆಗಳಿವೆ, ಕನ್ನಡದ ಶಾಲೆಗಳಿವೆ. ಮುಂದೆ ಬರುವ ಮಂಜೇಶ್ವರ ಗೋವಿಂದ ಪೈಗಳ ಊರು. ನೇತ್ರಾವತಿಯ ಸೇತುವೆ ದಾಟಿದರೆ ಮಂಗಳೂರು. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ. ಡಿಸೆಂಬರ್, ಜನವರಿಯ ರಜೆಯೇ ಲೇಸು.

ಮೊದಲ ದಿನ ಬೆಳಗ್ಗೆ ಕದ್ರಿ ಗುಡ್ಡಕ್ಕೆ ಹೋಗಬೇಕು. ಮಂಜುನಾಥನಿಗೆ ಕೈಮುಗಿದು ಅವಸರದಿಂದ ಹಿಂದಿರುಗಬಾರದು. ಅಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಆಳುಪ ಅರಸನಾದ ಕುಂದವರ್ಮನು ಕ್ರಿ. ಶ. ೯೬೮ರಲ್ಲಿ ಇದನ್ನು ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಲೋಕೇಶ್ವರನು ಬೌದ್ಧರ ದೇವರು. ಅರಸನೋ ಶಿವಭಕ್ತ! ಸಾವಿರ ವರ್ಷಗಳ ಹಿಂದಿನ ಆ ಎರಕದ ನಯವನ್ನು ಕಂಡಾಗ ನಮ್ಮ ಮನೆಯ ಹಿರಿಯರೊಬ್ಬರು, “ಇದಕ್ಕೆ ಜಾತಿ ಕೇಳುವವನು ಮೂರ್ಖ” ಎಂದರು. ನಾವು ಅದಕ್ಕೆ ಸೇರಿಸಬೇಕಾದುದೇನೂ ಇಲ್ಲ.

ಎರಡನೆಯದಾಗಿ, ನಸುಕಿನಲ್ಲಿಯೇ ಎದ್ದು ದಕ್ಕೆಯನ್ನು ನೋಡಬೇಕು. ಮೀನಿನ ವಾಸನೆಗೆ ಅಂಜುವವರು ಸ್ವಲ್ಪ ದೂರ ನಿಲ್ಲಬಹುದು. ದೋಣಿಗಳು ಬಂದು ನಿಲ್ಲುವುದು, ಬುಟ್ಟಿಗಳು ಇಳಿಯುವುದು, ಹೆಂಗಸರು ಚೌಕಾಸಿಗೆ ತೊಡಗುವುದು—ನಮ್ಮ ಮೊಂಡಾ ಮಾರುಕಟ್ಟೆಯನ್ನು ನೀರಿನ ಅಂಚಿಗೆ ತಂದಿಟ್ಟಂತೆ! ೧೩೪೨ರ ಸುಮಾರಿಗೆ ಇಬ್ನ್ ಬತೂತನು ಇಲ್ಲಿಗೆ ಬಂದಾಗ ಪರ್ಷಿಯಾ, ಯೆಮನ್‌ಗಳ ವರ್ತಕರು ಮೆಣಸು, ಶುಂಠಿಗಾಗಿ ಬೀಡುಬಿಟ್ಟಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದರೆ ಟಿಪ್ಪು ಕಟ್ಟಿಸಿದ ಕರಿಗಲ್ಲಿನ ಕಾವಲುಗೋಪುರ. ಶತ್ರುಗಳ ಹಡಗು ಗುರುಪುರ ನದಿಯೊಳಕ್ಕೆ ನುಗ್ಗದಿರಲೆಂದು ತೋಪುಗಳಿಗಾಗಿ ಬಿಟ್ಟ ಕಿಂಡಿಗಳಲ್ಲಿ ಮಕ್ಕಳು ಇಣುಕಿ ನೋಡಲಿ. ನದಿಯಾಚೆ ತಣ್ಣೀರುಬಾವಿಯ ಮರಳಿನಲ್ಲಿ ಸಂಜೆ ಕಳೆಯಲಿ.

ನೇತ್ರಾವತಿಯ ಆ ದಡದಲ್ಲಿ ಉಳ್ಳಾಲ. ೧೬ನೆಯ ಶತಮಾನದಲ್ಲಿ ಚೌಟರ ರಾಣಿ ಅಬ್ಬಕ್ಕ ಪೋರ್ತುಗೀಸರಿಗೆ ಕಪ್ಪ ಕೊಡಲೊಪ್ಪದೆ ಕಾದಿದ ನೆಲ ಅದು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡನು. ಎಲ್ಲಿ ಎನ್ನುವಿರಿ? ಸಿಂಹಾಸನದ ಮೇಲಲ್ಲ. ನೀರಿನ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಾಗ ದಾರಿಯಲ್ಲಿ! ಕಿರೀಟವಿಟ್ಟು ಕತ್ತಿ ಹಿಡಿದ ರಾಣಿಯ ಚಿತ್ರವನ್ನು ನಮ್ಮ ಮಕ್ಕಳು ನೋಡಿದ್ದಾರೆ. ಬರಿಗಾಲಿನ ರಾಣಿಯನ್ನೂ ಅವರು ತಿಳಿಯಲಿ.

ಊರೊಳಗೆ ಸಂತ ಅಲೋಷಿಯಸ್ ಕಾಲೇಜಿನ ಪ್ರಾರ್ಥನಾಮಂದಿರವಿದೆ. ಅದರ ಗೋಡೆ, ಮಾಡುಗಳ ತುಂಬ ಇಟಲಿಯ ಅಂತೋನಿಯೊ ಮೊಸ್ಕೇನಿ ೧೯ನೆಯ ಶತಮಾನದ ಕೊನೆಗೆ ಬಿಡಿಸಿದ ಚಿತ್ರಗಳಿವೆ. ತಿಂಡಿಯ ಮಾತನ್ನು ಹೇಳಬೇಕಾದುದೇ ಇಲ್ಲ. ನೀರುದೋಸೆ, ಗೋಳಿಬಜೆ, ಪತ್ರೊಡೆಗಳ ದಾರಿಯನ್ನು ನಾಲಗೆ ತಾನೇ ಕಂಡುಕೊಳ್ಳುತ್ತದೆ.

ನಾವು ಬಹಳ ಹೊತ್ತು ನಿಂತುದು ಬಲ್ಮಠದ ಗುಡ್ಡದಲ್ಲಿ. ಬಾಸೆಲ್ ಮಿಶನ್ನಿನವರು ಈ ಊರಿನಲ್ಲಿ ಅಚ್ಚುಕೂಟವನ್ನು ತೆರೆದುದು ೧೮೪೧ರಲ್ಲಿ. ೧೮೪೩ರ ಜುಲೈ ೧ರಂದು ಹರ್ಮನ್ ಮೊಗ್ಲಿಂಗ್ ಇಲ್ಲಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಸುಮಾರು ೭೦,೦೦೦ ಶಬ್ದಗಳ ಕಿಟ್ಟೆಲ್ ನಿಘಂಟು ೧೮೯೪ರಲ್ಲಿ ಅಚ್ಚಾಗಿ ಬಂದುದೂ ಈ ಮುದ್ರಣಾಲಯದಿಂದಲೇ. ಹಳೆಯ ಮನೆಗಳ ಮೇಲೆ ನಾವು ಕಾಣುವ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ೧೮೬೫ರಲ್ಲಿ ತೆರೆದವರೂ ಇದೇ ಮಿಶನ್ನಿನವರು. ಮನೆಗೆ ಹೆಂಚು, ಮಾತಿಗೆ ನಿಘಂಟು! ಎರಡೂ ಒಂದೇ ಊರಿನ ಸರಕು. ಬಲ್ಮಠದ ದೇವಶಾಸ್ತ್ರ ಕಾಲೇಜಿನ ಸಂಗ್ರಹಾಲಯದಲ್ಲಿ ಆ ಕಾಲದ ಪುಸ್ತಕಗಳನ್ನು ಕಾಪಾಡಿಟ್ಟಿದ್ದಾರೆ. ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಈಗ ನಮಗಾದ ಒಂದು ಅನುಭವವನ್ನು ಹೇಳಬೇಕು. ಸೋಮೇಶ್ವರದ ಕಡಲ ತೀರದಲ್ಲಿ ಎಳನೀರು ಮಾರುವ ಮುದುಕಿಯೊಬ್ಬಳು ಪಕ್ಕದವಳೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದಳು. ನಮ್ಮನ್ನು ಕಂಡೊಡನೆ ಕನ್ನಡಕ್ಕೆ ಹೊರಳಿ, “ಎಲ್ಲಿಂದ ಬಂದದ್ದು ಮಗಾ?” ಎಂದು ನಮ್ಮ ಹುಡುಗನನ್ನು ಕೇಳಿದಳು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟನು. “ಮಗುವಿಗೆ ಕನ್ನಡ ಬರುವುದಿಲ್ಲವಾ?” “ಬರುತ್ತದೆ ಅಮ್ಮಾ, ನಾಚಿಕೆ” ಎಂದೆವು. ಅವಳು ಎಳನೀರು ಕೆತ್ತುತ್ತಲೇ, “ನಮಗೆ ಮನೆಯಲ್ಲಿ ತುಳುವೇ. ಇದು ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿ ಕಲ್ತದ್ದು” ಎಂದಳು. ಅವಳು ಹೀಯಾಳಿಸಲಿಲ್ಲ, ಇದ್ದ ಮಾತನ್ನು ಹೇಳಿದಳು. ಆದರೆ ಆ ಎಳನೀರು ನಮ್ಮ ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ.

ಅಂದಿನಿಂದ ನಾವು ಯೋಚಿಸುತ್ತಿದ್ದೇವೆ. ಮಂಗಳೂರಿನ ಮನೆಗಳಲ್ಲಿ ತುಳು ಉಂಟು, ಕೊಂಕಣಿ ಉಂಟು, ಬ್ಯಾರಿ ಉಂಟು. ಕನ್ನಡವನ್ನು ತೊಟ್ಟಿಲಲ್ಲಿ ಕೇಳಿದವರೇ ಅಲ್ಲಿ ಕಡಮೆ. ಮೊಗ್ಲಿಂಗ್, ಕಿಟ್ಟೆಲರ ತಾಯ್ನುಡಿ ಜರ್ಮನ್. ಗೋವಿಂದ ಪೈಗಳದು ಕೊಂಕಣಿ. ರಾತ್ರಿ ಯಕ್ಷಗಾನಕ್ಕೆ ಹೋಗಿ ನೋಡಿರಿ. ಮನೆಯಲ್ಲಿ ತುಳುವನ್ನಾಡುವ ವೇಷಧಾರಿ ರಂಗಸ್ಥಳದಲ್ಲಿ ಒಂದು ಇಂಗ್ಲಿಷ್ ಶಬ್ದವೂ ನುಸುಳದಂತೆ ತಾಸುಗಟ್ಟಲೆ ಕನ್ನಡದಲ್ಲಿ ವಾದಿಸುತ್ತಾನೆ. ಇವರಾರೂ ತಮ್ಮ ಮನೆಮಾತನ್ನು ಬಿಟ್ಟವರಲ್ಲ. ಕನ್ನಡವನ್ನು ಶ್ರಮಪಟ್ಟು ಕೂಡಿಸಿಕೊಂಡವರು.

ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗು. ನಮಗೆ ಕನ್ನಡ ಮನೆಯೊಳಗಿದೆ. ಬೀದಿಯಲ್ಲಿ ತೆಲುಗು, ಉರ್ದು, ಹಿಂದಿ. ಅನ್ನ ಕೊಟ್ಟ ಊರಿನ ಮಾತನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿನಿಂದ ಬಂದುದು ತಾನಾಗಿಯೇ ಉಳಿಯುತ್ತದೆಂದು ನಂಬಿ ನಾವು ಕೈಕಟ್ಟಿ ಕುಳಿತೆವು. ದುಡಿದು ಗಳಿಸಿದವನು ಕಾಪಾಡಿಕೊಳ್ಳುತ್ತಾನೆ. ಪಿತ್ರಾರ್ಜಿತವಾಗಿ ಬಂದವನು ಕಳೆಯುತ್ತಾನೆ. ಆಸ್ತಿಯ ವಿಷಯದಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದ ಈ ಮಾತು ಭಾಷೆಗೂ ಸಲ್ಲುತ್ತದೆಂದು ನಮಗೆ ತಿಳಿದುದು ಮಂಗಳೂರಿನಲ್ಲಿ.

ಆದುದರಿಂದ, ಅಲ್ಲಿಗೆ ಹೋದಾಗ ಮಾಡಬೇಕಾದ ಕೆಲಸಗಳಲ್ಲಿ ಇನ್ನು ಮೂರನ್ನು ಸೇರಿಸುತ್ತೇವೆ. ಬಸ್ಸಿನ ಹಲಗೆಯನ್ನು ದೊಡ್ಡವರು ಓದಬಾರದು, ಮಕ್ಕಳೇ ಓದಿ ಹತ್ತಿಸಬೇಕು. ತಪ್ಪಿದರೆ ಒಂದು ಬಸ್ಸು ತಪ್ಪೀತು, ಅಷ್ಟೆ. ಅಂಗಡಿಯಲ್ಲಿ ದರ ಕೇಳುವ ಅಧಿಕಾರವೂ ಅವರದೇ. ಕೊನೆಯದಾಗಿ, ಹಿಂದಿರುಗುವ ಮೊದಲು ಪ್ರತಿಯೊಂದು ಮಗುವೂ ತಾನು ಕಂಡುದನ್ನು ಹತ್ತು ಸಾಲು ಕನ್ನಡದಲ್ಲಿ ಬರೆದು ಅಜ್ಜ ಅಜ್ಜಿಯರಿಗೆ ಅಂಚೆಗೆ ಹಾಕಬೇಕು. ನಮ್ಮ ಹುಡುಗ ಆರು ಸಾಲು ಬರೆದನು. ಅದರಲ್ಲಿ ಒಂಬತ್ತು ತಪ್ಪುಗಳಿದ್ದವು. ಅಜ್ಜಿ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ.

ಕೊನೆಗೊಂದು ಮಾತು. ಮಕ್ಕಳಿಗಾಗಿ ಕಥೆ, ಹಾಡುಗಳನ್ನು ಬರೆದ ಪಂಜೆ ಮಂಗೇಶರಾಯರು ಬಂಟವಾಳದಲ್ಲಿ ಹುಟ್ಟಿ ಮಂಗಳೂರಿನಲ್ಲಿ ಮೇಷ್ಟರಾಗಿದ್ದವರು. ಅವರ ಮನೆಮಾತೂ ಕೊಂಕಣಿ. ೧೯೩೪ರಲ್ಲಿ ನಮ್ಮ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು ಕೊನೆಯುಸಿರೆಳೆದುದು ಎಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ೧೯೩೭ರಲ್ಲಿ, ಈ ಹೈದರಾಬಾದಿನಲ್ಲಿಯೇ. ಕನ್ನಡದ ಮಕ್ಕಳಿಗೆ ಹಾಡು ಕೊಟ್ಟ ಆ ಕಡಲ ಕಡೆಯ ಹಿರಿಯರು ನಮ್ಮ ಊರಿಗೆ ಬಂದು ಕಣ್ಮುಚ್ಚಿದರು. ನಮ್ಮ ಮಕ್ಕಳು ಅವರ ಊರಿಗೆ ಹೋಗಿ ಬಾಯಿ ತೆರೆಯಲಿ. ಆ ಋಣ ತೀರಿಸಲು ಇದಕ್ಕಿಂತ ಅಗ್ಗವಾದ ದಾರಿ ನಮಗೆ ಕಾಣದು.

ಮಕ್ಕಳೇ, ಇನ್ನು ಮಿಠಾಯಿ ತೆಗೆದುಕೊಳ್ಳಬಹುದು. ಆದರೆ ಕನ್ನಡದಲ್ಲಿ ಕೇಳಿ ತೆಗೆದುಕೊಳ್ಳಿರಿ.