ರಾತ್ರಿ ಹನ್ನೊಂದರ ಡಾಕ್ಟರ್: ಒಂದು ಸೀರಿಯಲ್‌ನ ಟೈಮಿಂಗ್ ಯಾರ ಕೈಲಿತ್ತು?

ಇವತ್ತು ಒಂದು ಸೈನ್ಸ್ ಫಿಕ್ಷನ್ ಸೀರಿಯಲ್ ಬಗ್ಗೆ ಮಾತಾಡ್ತೀನಿ. ಅದರ ಕಥೆ ಬಗ್ಗೆ ಕಡಿಮೆ, ಅದು ಎಷ್ಟು ಗಂಟೆಗೆ ಬರ್ತಿತ್ತು ಅನ್ನೋದರ ಬಗ್ಗೆ ಜಾಸ್ತಿ. ಬೋರ್ ಅನ್ಸುತ್ತಾ? ಸ್ವಲ್ಪ ತಡೀರಿ. ಒಂದೇ ಸೀರಿಯಲ್ಲು ಒಂದೂರಲ್ಲಿ ಸಂಜೆ ಮಕ್ಕಳ ಹೊತ್ತಿಗೆ, ಇನ್ನೊಂದೂರಲ್ಲಿ ಊರೆಲ್ಲಾ ಮಲಗಿದ ಮೇಲೆ ಬಂದ್ರೆ, ಅದು ಎರಡು ಬೇರೆ ಬೇರೆ ಸೀರಿಯಲ್ಲೇ ಆಗಿಬಿಡುತ್ತೆ.

ಸೀರಿಯಲ್ ಹೆಸರು ‘ಡಾಕ್ಟರ್ ಹೂ’. ಬಿಬಿಸಿಯದ್ದು, ಶುರುವಾಗಿದ್ದು 1963ರ ನವೆಂಬರ್ 23ರಂದು. ನೋಡದೇ ಇರೋರಿಗೆ: ಹೊರಗಿಂದ ನೀಲಿ ಪೊಲೀಸ್ ಡಬ್ಬಿ ಥರ ಕಾಣೋ, ಒಳಗೆ ಅರಮನೆಯಷ್ಟು ದೊಡ್ಡದಿರೋ ಯಂತ್ರದಲ್ಲಿ ಕಾಲ, ಗ್ರಹ ಎಲ್ಲಾ ಸುತ್ತೋ ಒಬ್ಬ ಆಸಾಮಿ. ನಟ ಬಿಟ್ಟು ಹೋದ್ರೆ ಡಾಕ್ಟರ್ ಹಳೇ ದೇಹ ಬಿಟ್ಟು ಹೊಸ ದೇಹ ತಗೊಂಡ ಅಂತ ಕಥೆಯಲ್ಲೇ ದಾರಿ ಮಾಡಿಟ್ಟಿದ್ದಾರೆ. ಇದ್ದಕ್ಕಿದ್ದಂತೆ ಸೊಸೆ ಮುಖ ಬದಲಾಗೋ ನಮ್ಮ ಸೀರಿಯಲ್‌ಗಳಿಗಿಂತ ಮರ್ಯಾದಸ್ತ ಉಪಾಯ, ಅಲ್ವಾ?

ಬ್ರಿಟನ್‌ನಲ್ಲಿ ಇದು ಬಹಳ ವರ್ಷ ಬಂದಿದ್ದು ಶನಿವಾರ ಸಂಜೆ. ವಾರಕ್ಕೊಂದು ಕಂತು, 25 ನಿಮಿಷ. ಒಂದು ಕಥೆಗೆ ಸಾಮಾನ್ಯವಾಗಿ ನಾಲ್ಕು ಅಥವಾ ಆರು ಕಂತು. ಪ್ರತಿ ಕಂತಿನ ಕೊನೆಗೆ ಯಾರದ್ದೋ ಪ್ರಾಣ ಬಾಯಿಗೆ ಬಂದಿರುತ್ತೆ, ಮ್ಯೂಸಿಕ್ ಬರುತ್ತೆ, ಮುಂದಿನ ಶನಿವಾರದ ತನಕ ಕಾಯಬೇಕು. ಇಡೀ ಸೀರಿಯಲ್ ಕಟ್ಟಿದ್ದೇ ಈ ಕಾಯೋದರ ಮೇಲೆ. ಇದೇ ಸರಕು ಅಮೆರಿಕಕ್ಕೆ ಹೋದಾಗ ಏನಾಯ್ತು ಅನ್ನೋದು ಇವತ್ತಿನ ವಿಷಯ.

ಅಮೆರಿಕದಲ್ಲಿ ಆಗ ಎಬಿಸಿ, ಸಿಬಿಎಸ್, ಎನ್‌ಬಿಸಿ ಅಂತ ಮೂರು ದೊಡ್ಡ ನೆಟ್‌ವರ್ಕ್. ಆದ್ರೆ ಊರೂರಲ್ಲಿರೋ ಟಿವಿ ಸ್ಟೇಷನ್‌ಗಳು ನೆಟ್‌ವರ್ಕ್ ಕೊಟ್ಟಿದ್ದನ್ನ ಮಾತ್ರ ಹಾಕ್ತಿರ್ಲಿಲ್ಲ. ಖಾಲಿ ಹೊತ್ತಿಗೆ ತಾವೇ ಕಾರ್ಯಕ್ರಮ ಕೊಂಡ್ಕೋತಿದ್ರು. ಇದಕ್ಕೆ ಸಿಂಡಿಕೇಶನ್ ಅಂತಾರೆ. ಅಂದ್ರೆ ಮಾರೋನು ಒಬ್ಬ ದೊಡ್ಡ ಸಾಹುಕಾರನ ಹತ್ರ ಹೋಗದೆ, ಸಂತೆಯಿಂದ ಸಂತೆಗೆ ಗಂಟು ಹೊತ್ಕೊಂಡು ಹೋಗೋದು. ‘ಡಾಕ್ಟರ್ ಹೂ’ ಗಂಟು ಹೊತ್ತಿದ್ದು ಟೈಮ್-ಲೈಫ್ ಕಂಪನಿ. 1972ರಲ್ಲಿ ಜಾನ್ ಪರ್ಟ್ವೀ ಡಾಕ್ಟರ್ ಆಗಿದ್ದ 72 ಕಂತು ತಗೊಂಡು ಹೋದ್ರು. ಕೊಂಡವರು ಕಡಿಮೆ. 1978ರಲ್ಲಿ ಮತ್ತೆ ಹೋದ್ರು, ಈ ಸಲ ಉದ್ದನೆ ಮಫ್ಲರ್‌ನ ಟಾಮ್ ಬೇಕರ್ ಇದ್ದ 98 ಕಂತು.

ಕಾಮರ್ಸ್ ಓದಿದ ತಲೆಗೆ ಇಲ್ಲಿ ಲೆಕ್ಕ ಹಾಕದೆ ಇರೋಕಾಗಲ್ಲ. ಅಮೆರಿಕದ ಸ್ಟೇಷನ್‌ಗಳಿಗೆ ಇಷ್ಟವಾದ ಪದ್ಧತಿ ‘ಸ್ಟ್ರಿಪ್’. ಸೋಮವಾರದಿಂದ ಶುಕ್ರವಾರ, ದಿನಾ ಅದೇ ಟೈಮು. ನಮ್ಮ ಕನ್ನಡ ಚಾನೆಲ್‌ಗಳು ಮಾಡೋದೂ ಇದೇ. ವಾರಕ್ಕೆ ಐದರಂತೆ 98 ಕಂತು ಹಾಕಿದ್ರೆ ಇಪ್ಪತ್ತು ವಾರಕ್ಕೆ ಸರಕು ಖಾಲಿ. ಬ್ರಿಟನ್ನಿನ ಮಕ್ಕಳು ಅದೇ 98 ಕಂತು ನೋಡೋಕೆ 1974ರ ಡಿಸೆಂಬರ್‌ನಿಂದ 1978ರ ಮಾರ್ಚ್ ತನಕ ಕಾದಿದ್ರು. ಮೂರು ವರ್ಷದ್ದು ಐದು ತಿಂಗಳಿಗೆ ಮುಗಿದ್ರೆ ಸ್ಟೇಷನ್‌ನೋರು ಏನ್ ಮಾಡ್ತಾರೆ? ಮತ್ತೆ ಒಂದನೇ ಕಂತಿಂದ ಶುರು. ಹೊಸದು ಕೊಳ್ಳೋದಕ್ಕಿಂತ ಅಗ್ಗ.

ಇನ್ನೊಂದು ತೊಂದರೆ ಇತ್ತು. ಬಿಬಿಸಿಯಲ್ಲಿ ಜಾಹೀರಾತು ಇಲ್ಲ, ಹಾಗಾಗಿ ಕಂತು ಪೂರ್ತಿ 25 ನಿಮಿಷ. ಅಮೆರಿಕದ ಅರ್ಧ ಗಂಟೆಯಲ್ಲಿ ಜಾಹೀರಾತಿಗೆ ಜಾಗ ಬೇಕು. ಅದಕ್ಕೆ ಪ್ರತಿ ಕಂತಿಗೂ ಕತ್ತರಿ ಬಿತ್ತು. ಸಾಲದು ಅಂತ, ನಿನ್ನೆ ನೋಡದವರಿಗೆ ಗೊತ್ತಾಗಲಿ ಅಂತ ಹೋವರ್ಡ್ ಡ ಸಿಲ್ವಾ ಅನ್ನೋ ಅಮೆರಿಕನ್ ನಟನ ದನಿಯಲ್ಲಿ ಹಿಂದಿನ ಕಥೆ, ಮುಂದೇನು ಅನ್ನೋ ಸುಳಿವು ಸೇರಿಸಿದ್ರು. ಕಥೆಯನ್ನೇ ಕತ್ತರಿಸಿ ಆ ಜಾಗದಲ್ಲಿ ಕಥೆಯ ವಿವರಣೆ ತುಂಬೋದು! ನನಗಂತೂ ಇದು ಊಟದ ಎಲೆಯಿಂದ ಪಲ್ಯ ತೆಗೆದು, ಪಲ್ಯದ ಬಗ್ಗೆ ಭಾಷಣ ಬಡಿಸಿದ ಹಾಗೆ ಕಾಣುತ್ತೆ.

ಇದನ್ನ ನಿಜವಾಗಿ ಬೆಳೆಸಿದ್ದು ಜಾಹೀರಾತಿನ ಸ್ಟೇಷನ್‌ಗಳಲ್ಲ, ಸಾರ್ವಜನಿಕ ಸ್ಟೇಷನ್‌ಗಳು. ಪಿಬಿಎಸ್ ಅನ್ನೋ ಹೆಸರು ಕೇಳಿರ್ತೀರಿ. ಅದು ನಮ್ಮ ದೂರದರ್ಶನದ ಥರ ಒಂದು ಚಾನೆಲ್ ಅಲ್ಲ, ಊರೂರಿನ ಸ್ಟೇಷನ್‌ಗಳ ಒಕ್ಕೂಟ. ‘ಡಾಕ್ಟರ್ ಹೂ’ ಅನ್ನು ಪಿಬಿಎಸ್ ದೇಶಕ್ಕೆಲ್ಲಾ ಹಂಚಲಿಲ್ಲ. ಷಿಕಾಗೋ, ಅಯೋವಾ, ನ್ಯೂಜೆರ್ಸಿ, ಮೇರಿಲ್ಯಾಂಡ್, ಹೀಗೆ ಒಂದೊಂದು ಸ್ಟೇಷನ್ನೂ ತನ್ನ ದುಡ್ಡಲ್ಲಿ ಕೊಂಡು, ತನಗೆ ತೋಚಿದ ಹೊತ್ತಿಗೆ ಹಾಕ್ತು.

ಇಲ್ಲೇ ಕಂತಿನ ರೂಪ ಬದಲಾಗಿದ್ದು. ಬಹಳ ಸ್ಟೇಷನ್‌ಗಳು ದಿನದ ಅರ್ಧ ಗಂಟೆ ಬಿಟ್ಟು ವಾರಾಂತ್ಯದ ರಾತ್ರಿಗೆ ಹೋದ್ವು. ಒಂದು ಕಥೆಯ ನಾಲ್ಕೂ ಕಂತು ಜೋಡಿಸಿ, ಮಧ್ಯದ ಟೈಟಲ್ ತೆಗೆದು, ಒಂದೂವರೆ ಗಂಟೆಯ ಸಿನಿಮಾ ಥರ ಹಾಕೋದು. ಹತ್ತು ಕಂತಿನ ‘ದಿ ವಾರ್ ಗೇಮ್ಸ್’ ಕಥೆ ಹೀಗೆ ಜೋಡಿಸಿದ್ರೆ ಸುಮಾರು ನಾಲ್ಕು ಗಂಟೆ! ಬರೆದವರು ಪ್ರತಿ 25 ನಿಮಿಷಕ್ಕೆ ಒಂದು ಎದೆ ಝಲ್ ಅನ್ನೋ ಘಟ್ಟ ಇಟ್ಟಿದ್ರು. ಸಿನಿಮಾ ರೂಪದಲ್ಲಿ ನಾಯಕಿ ಕಿರುಚ್ತಾಳೆ, ಎರಡೇ ಸೆಕೆಂಡಿಗೆ ಅಪಾಯ ಮಾಯ. ಒಂದು ವಾರ ಕಾಯಿಸಬೇಕಾದ ಕಿರುಚಾಟ ವಿನಾಕಾರಣದ ಕಿರುಚಾಟ ಆಗೋಯ್ತು. ನೀವು ಇವತ್ತು ಒಂದೇ ರಾತ್ರಿ ಹತ್ತು ಎಪಿಸೋಡ್ ಮುಗಿಸ್ತೀರಲ್ಲ, ಆ ಅಭ್ಯಾಸವನ್ನ ಒಟಿಟಿ ಕಂಡುಹಿಡೀಲಿಲ್ಲ.

ಷಿಕಾಗೋದ ಡಬ್ಲ್ಯೂಟಿಟಿಡಬ್ಲ್ಯೂ ಸ್ಟೇಷನ್ ಭಾನುವಾರ ರಾತ್ರಿ ಹನ್ನೊಂದಕ್ಕೆ ಹಾಕ್ತಿತ್ತು. ಮಾರನೇ ದಿನ ಸ್ಕೂಲು. ಮಕ್ಕಳ ಸೀರಿಯಲ್ಲು ಮಕ್ಕಳು ಮಲಗಿದ ಮೇಲೆ! ಹಾಗಾಗಿ ನೋಡೋರು ಕಾಲೇಜು ಹುಡುಗರು, ನಿದ್ದೆ ಬಾರದವರು, ವಿಸಿಆರ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳೋರು. ಈ ರೆಕಾರ್ಡಿಂಗ್‌ನಿಂದಾನೇ ಒಂದು ವಿಚಿತ್ರ ಉಳ್ಕೊಂಡಿದೆ. 1987ರ ನವೆಂಬರ್ 22ರ ರಾತ್ರಿ ‘ಹಾರರ್ ಆಫ್ ಫ್ಯಾಂಗ್ ರಾಕ್’ ಬರ್ತಿದ್ದಾಗ, ಮ್ಯಾಕ್ಸ್ ಹೆಡ್‌ರೂಮ್ ಮುಖವಾಡ ಹಾಕಿದ ಯಾರೋ ಸಿಗ್ನಲ್ ಕದ್ದು ಸುಮಾರು ಒಂದೂವರೆ ನಿಮಿಷ ಹುಚ್ಚಾಟ ಆಡಿದ. ಯೂಟ್ಯೂಬ್‌ನಲ್ಲಿ ನೋಡಿರ್ತೀರಿ. ಅವನನ್ನ ತಡೆಯೋಕೆ ಆಗ್ಲಿಲ್ಲ, ಯಾಕಂದ್ರೆ ಟ್ರಾನ್ಸ್‌ಮಿಟರ್ ಇದ್ದ ಸಿಯರ್ಸ್ ಟವರ್‌ನಲ್ಲಿ ಆ ಹೊತ್ತಿಗೆ ಇಂಜಿನಿಯರ್ ಡ್ಯೂಟಿ ಮೇಲಿರಲಿಲ್ಲ. ಅವನು ಯಾರು ಅಂತ ಇವತ್ತಿಗೂ ಪತ್ತೆ ಇಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಸಾರ್ವಜನಿಕ ಸ್ಟೇಷನ್‌ಗಳು ವರ್ಷಕ್ಕೆ ಕೆಲವು ಸಲ ಚಂದಾ ಎತ್ತುತ್ತವೆ, ‘ಪ್ಲೆಡ್ಜ್ ಡ್ರೈವ್’ ಅಂತ. ಕಾರ್ಯಕ್ರಮ ಅರ್ಧಕ್ಕೆ ನಿಲ್ಲಿಸಿ, ಫೋನ್ ಮಾಡಿ ದುಡ್ಡು ಕೊಡಿ ಅಂತ ಕೇಳೋದು. ಯಾವ ಕಾರ್ಯಕ್ರಮದ ಹೊತ್ತಲ್ಲಿ ಎಷ್ಟು ಫೋನ್ ಬಂತು ಅನ್ನೋದು ಲೆಕ್ಕಕ್ಕೆ ಸಿಗುತ್ತೆ. ‘ಡಾಕ್ಟರ್ ಹೂ’ ಅಭಿಮಾನಿಗಳಿಗೆ ಇದು ಬೇಗ ಅರ್ಥ ಆಯ್ತು. ಮಫ್ಲರ್ ಸುತ್ಕೊಂಡು ಸ್ಟುಡಿಯೋಗೆ ಹೋಗಿ ತಾವೇ ಫೋನ್ ಎತ್ತೋಕೆ ಕೂತ್ರು. ಗಲ್ಲಿ ಗಣಪತಿಗೆ ಚಂದಾ ಎತ್ತಿದವರಿಗೆ ಈ ಹುರುಪು ಗೊತ್ತಿರುತ್ತೆ.

ಇದನ್ನ ಪ್ರಜಾಪ್ರಭುತ್ವ ಅಂತ ಹೊಗಳೋಕೆ ನನಗೆ ಮನಸ್ಸಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಈ ಸೀರಿಯಲ್ ಎಷ್ಟೇ ಇಷ್ಟ ಇದ್ರೂ ಅವಳ ಹತ್ರ ಚೆಕ್‌ಬುಕ್ ಇಲ್ಲ. ಅವಳ ಓಟು ಲೆಕ್ಕಕ್ಕಿಲ್ಲ. ರಾತ್ರಿ ಎಚ್ಚರ ಇದ್ದು, ಸಂಪಾದನೆಯೂ ಇದ್ದವರ ಓಟು ಮಾತ್ರ ಲೆಕ್ಕಕ್ಕೆ. ಆದ್ರೂ ಒಂದು ಮಾತು ಒಪ್ಪಬೇಕು. ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ನಿಮ್ಮ ಇಷ್ಟದ ಶೋ ಆಪ್‌ನಿಂದ ಮಾಯವಾದಾಗ ನೀವು ಯಾರಿಗೆ ಫೋನ್ ಮಾಡ್ತೀರಿ?

ಈ ಊರೂರಿನ ಗಿರಾಕಿಗಳ ಭಾರ ಲಂಡನ್ನಿಗೂ ತಾಗಿತು. 1983ರಲ್ಲಿ ಇಪ್ಪತ್ತನೇ ವರ್ಷದ ವಿಶೇಷ ಕಥೆ ‘ದಿ ಫೈವ್ ಡಾಕ್ಟರ್ಸ್’ ಅನ್ನು ಅಮೆರಿಕದ ಕೆಲವು ಸ್ಟೇಷನ್‌ಗಳು ಸರಿಯಾಗಿ ಹುಟ್ಟುಹಬ್ಬದ ದಿನ, ನವೆಂಬರ್ 23ಕ್ಕೆ ಹಾಕಿದ್ವು. ಬಿಬಿಸಿ ಅದನ್ನ ತನ್ನ ದತ್ತಿ ಕಾರ್ಯಕ್ರಮದ ರಾತ್ರಿಗೆ ಅಂತ 25ಕ್ಕೆ ಇಟ್ಕೊಂಡಿತ್ತು. ತಮ್ಮದೇ ಸೀರಿಯಲ್‌ನ ಹುಟ್ಟುಹಬ್ಬ ಬ್ರಿಟಿಷರು ಎರಡು ದಿನ ತಡವಾಗಿ ನೋಡಿದ್ರು. ಮಾರನೇ ವರ್ಷ ಡಾಕ್ಟರ್ ಜೊತೆಗೆ ಪೆರಿ ಅನ್ನೋ ಅಮೆರಿಕನ್ ಹುಡುಗಿ ಬಂದಳು. ಮಾಡಿದ್ದು ಮಾತ್ರ ಇಂಗ್ಲೆಂಡಿನ ನಟಿ ನಿಕೋಲಾ ಬ್ರಯಾಂಟ್.

1989ರಲ್ಲಿ ಬಿಬಿಸಿ ಹೊಸ ಕಂತು ಮಾಡೋದು ನಿಲ್ಲಿಸಿತು. ಹಳೇ ಸರಕನ್ನೇ ಎಷ್ಟು ಸಲ ತಿರುಗಿಸೋದು? ಒಂದೊಂದೇ ಸ್ಟೇಷನ್ ಕೈಬಿಡ್ತಾ ಬಂತು. 2005ರಲ್ಲಿ ಸೀರಿಯಲ್ ಮತ್ತೆ ಹುಟ್ಟಿತು. 2024ರ ಸೀಸನ್ ಹೊರದೇಶಗಳಲ್ಲಿ ಡಿಸ್ನಿ ಪ್ಲಸ್‌ಗೆ ಬಂದಾಗ, ಕಂತು ಎಲ್ಲಾ ಕಡೆ ಒಂದೇ ಕ್ಷಣಕ್ಕೆ ಬಿಡುಗಡೆ. ನ್ಯೂಯಾರ್ಕ್‌ನಲ್ಲಿ ಶುಕ್ರವಾರ ಸಂಜೆ ಏಳು, ಊಟದ ಹೊತ್ತು. ಅದೇ ಕ್ಷಣ ಲಂಡನ್‌ನಲ್ಲಿ ಮಧ್ಯರಾತ್ರಿ. ಬಿಬಿಸಿ ಟಿವಿಯಲ್ಲಿ ಬರೋದು ಮಾರನೇ ದಿನ ಸಂಜೆ. ಅಲ್ಲಿ ತನಕ ಕಥೆ ಬಾಯಿಬಿಡಬೇಡಿ ಅಂತ ಯಾರಿಗೆ ಹೇಳ್ತೀರಿ? ಈ ಸಲ ಕಣ್ಣು ಉಜ್ಕೊಂಡು ಎಚ್ಚರ ಇರೋ ಸರದಿ ಬ್ರಿಟಿಷರದ್ದಾಗಿತ್ತು.